ಏರುನೀರಿಗೆ ಬಿಟ್ಟ ಅಂಗಿ

ಆ ಜಾಗ ಆರಿಸಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ವೈನಿಯನ್ನು ಬೈಯಬಾರದು.

ಅಣ್ಣ ಕರಾವಳಿಗೆ ಮೀನಿನ ಬೋಟಿನ ಕೂಲಿಗೆ ಹೋದವನು. ಎರಡು ವರ್ಷದ ಹಿಂದೆ ಬೋಟು ಮುಳುಗಿತು. ಉಳಿದವರ ಹೆಣಗಳು ಸಿಕ್ಕವು, ಅವನದು ಸಿಗಲಿಲ್ಲ. "ಹ್ವಾದಾಂವ ಹ್ವಾದ. ಅವನ ಅಂಗಿ ಆ ನೀರಿಗೆ ಬಿಟ್ಟು ಬರ್ರಿ, ಮನಿ ಸೂತಕ ಕಳೀಲಿ," ಎಂದು ಅವ್ವನದು ಅಂದಿನಿಂದ ಒಂದೇ ಹಟ. ಅವನ ಹೆಂಡತಿ, ನಮ್ಮ ವೈನಿ, ಬಾಗಿಲು ಸಪ್ಪಳವಾದರೆ ಸಾಕು, ಎದ್ದು ಓಡುತ್ತಿದ್ದಳು. ಅಂತೂ ಈ ಸಲ ಅವಳೇ, "ನಡಿಯವಾ, ಬಿಟ್ಟು ಬರೂಣು. ನನಗೂ ಸಾಕಾಗೇತಿ," ಎಂದಳು. ಕೊಪ್ಪಳದಲ್ಲಿ ಬಸ್ಸು ಹತ್ತಿದೆವು.

ಬೋಟು ಮುಳುಗಿದ ಕಡೆಯ ದಂಡೆ ಈಗ ರಕ್ಷಿತ ಪ್ರದೇಶ. ಆಮೆ ಮೊಟ್ಟೆಯಿಟ್ಟ ಮರಳಿಗೆಲ್ಲ ಬಲೆಯ ಬೇಲಿ. ಗೇಟಿನಲ್ಲಿ ಕಾವಲುಗಾರ ಚೀಲ ತೆರೆದು ಕಾಯಿ, ಊದಿನಕಡ್ಡಿ ತೆಗೆದಿಟ್ಟುಕೊಂಡ. ಅಂಗಿ ವೈನಿಯ ಸೆರಗಿನೊಳಗಿತ್ತು. ಆಮೆಯ ಮೊಟ್ಟೆಗೆ ಇಷ್ಟು ಕಾವಲು, ನಮ್ಮಣ್ಣನಿಗೆ ಯಾರೂ ಇರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಸಮುದ್ರದ ತೆರೆ ನನಗೆ ಸರಿಬರಲಿಲ್ಲ. ಹೋಗುತ್ತದೆ, ಮತ್ತೆ ಬರುತ್ತದೆ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು ನಾನು, ನೀರೆಂದರೆ ಒಯ್ಯಬೇಕು. ಪಕ್ಕದಲ್ಲಿ ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ನಡುವೆ ಒಂದು ಹಳ್ಳ ಸಮುದ್ರ ಸೇರುತ್ತಿತ್ತು. "ಹರಿಯೋ ನೀರಾಗ ಬಿಡೂಣ್ರಿ ವೈನಿ, ಸೀದಾ ಒಯ್ಯತೈತಿ," ಎಂದೆ. ಅವಳು ಕಣ್ಣು ಮುಚ್ಚಿ ಬಿಟ್ಟಳು. ಅಂಗಿ ಸಮುದ್ರಕ್ಕೆ ಬೆನ್ನು ಮಾಡಿ ಊರ ಕಡೆ ಹೊರಟಿತು. ಅಯ್ಯ ಶಿವನೇ!

ಕಾವಲುಗಾರ ಓಡಿಬಂದ. ಬೇರಿಗೆ ಸಿಕ್ಕಿಕೊಂಡ ಅಂಗಿಯನ್ನು ಕೋಲಿನಿಂದ ಎಳೆದು ಅವಳ ಕೈಗೇ ಕೊಟ್ಟ. "ಇಲ್ಲಿ ಏನೂ ಬಿಡ್ಲಿಕ್ಕಿಲ್ಲ ಅಮ್ಮ. ಈಗ ಸಮುದ್ರ ಏರುವ ಹೊತ್ತು, ಹಳ್ಳದ ನೀರು ಒಳಗೇ ಬರ್ತದೆ. ದಿನಾ ಹೀಗೇ."

ವೈನಿಗೆ ಅದೆಲ್ಲ ಎಲ್ಲಿ ಕೇಳಬೇಕು! "ನೋಡಿದ್ಯಾ? ಮನಿ ಕಡೇನ ಹೊಂಟಿದ್ದ," ಎಂದಳು. "ಅದು ನೀರಿನ ಗುಣಾರಿ, ದಿನಾ ಹಂಗ," ಎಂದು ನಾನು ಅಲ್ಲೇ ಕೂಗಾಡಿದೆ. ಅವಳು ನಗುತ್ತಿದ್ದಳು. ಎರಡು ವರ್ಷದ ಮೇಲೆ ಕಂಡ ಆ ನಗುವಿಗೆ ನನಗೆ ಹೆದರಿಕೆಯಾಯಿತು.

ಮನೆಯಲ್ಲಿ ಅವ್ವ ನಮ್ಮ ಮೈಲಿಗೆ ಸ್ನಾನಕ್ಕೆ ನೀರು ಕಾಯಿಸಿಟ್ಟು ಹೊಸ್ತಿಲಲ್ಲಿ ಕೂತಿದ್ದಳು. "ಬಿಟ್ಟು ಬಂದ್ರ್ಯಾ?"

ವೈನಿ ಅಂಗಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಬೈಯಲಿ, ಅವ್ವ ಒಮ್ಮೆ ಛಲೋ ಬೈದು ಇವಳ ಭ್ರಮೆ ಬಿಡಿಸಲಿ ಎಂದು ನಾನು ಕಾದೆ. ಅವ್ವ ಅಂಗಿ ಕಸಿದುಕೊಂಡು ಮೂಸಿ ನೋಡಿದಳು.

"ನಾ ಹೇಳಿದ್ದಿಲ್ಲೇನು," ಎಂದಳು, ಎರಡು ವರ್ಷ ಅವನು ಸತ್ತನೆಂದೇ ಸಾಧಿಸಿದ ನನ್ನವ್ವ, "ಅಂವ ಜೀವಂತ ಅದಾನ ಅಂತ?"