ಮಣ್ಣಿನ ಗೋಡೆಗೆ ಇಬ್ಬರು ಬೇಕು

ಬೆಳಕು ಹರಿಯುವಷ್ಟರಲ್ಲಿ ಜುಂಜಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರಿಗೆ ಇಳಿದಿದ್ದಾರೆ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಕಾಂಚನಾ ಅವರ ಮನೆಯ ಹಿತ್ತಲು ಇದು. ಇಲ್ಲಿ ಮಗ್ಗ ಇಡಲು ಒಂದು ಮಣ್ಣಿನ ಕೋಣೆ ಏಳುತ್ತಿದೆ. ನೆನೆದ ಕೆಮ್ಮಣ್ಣು, ಕೆರೆಮಣ್ಣು, ಕೊಚ್ಚಿದ ಹುಲ್ಲು ಎಲ್ಲವನ್ನೂ ಹಿಮ್ಮಡಿಯಲ್ಲಿ ತುಳಿಯುತ್ತಾರೆ. ಕಾಲಿಗೆ ಕಲ್ಲು ತಾಗಿದರೆ ಬಗ್ಗಿ ತೆಗೆದು ಬಿಸಾಡುತ್ತಾರೆ. ಹದವಾದ ಮಣ್ಣನ್ನು ಮುದ್ದೆ ಮಾಡಿ ಎತ್ತಿದವರು ಗೋಡೆಯ ಮೇಲಕ್ಕೆ ನೋಡಿ ಒಂದು ಕ್ಷಣ ನಿಲ್ಲುತ್ತಾರೆ. ಅಲ್ಲಿ ಕೈಚಾಚುವವರು ಯಾರೂ ಇಲ್ಲ. ಮುದ್ದೆಯನ್ನು ಗೋಡೆಯ ಅಂಚಿಗಿಟ್ಟು, ತಾವೇ ಏಣಿ ಹತ್ತಿ ಬಡಿದು ಕೂರಿಸುತ್ತಾರೆ.

"ಮೇಲೆ ನಮ್ಮಕ್ಕ ಇರ್ತಿದ್ಲು. ನಾನು ಎಸೀತಿದ್ದೆ, ಅವ್ಳು ಹಿಡೀತಿದ್ಲು. ತಿರುಗಿ ನೋಡ್ತಾನೂ ಇರ್ಲಿಲ್ಲ."

ದೇವಸಮುದ್ರದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಜುಂಜಮ್ಮ ಮತ್ತು ಅಕ್ಕ ಯರ್ರಮ್ಮ ಗೋಡೆ ಕಟ್ಟುವುದನ್ನು ಕಲಿತದ್ದು ಅವ್ವನಿಂದ. ಸುತ್ತಲಿನ ಹಳ್ಳಿಗಳಲ್ಲಿ ಇಬ್ಬರೂ ಕಟ್ಟಿದ ಮನೆಗಳು ಇನ್ನೂ ನಿಂತಿವೆ. ಸಿಮೆಂಟ್ ಬ್ಲಾಕ್ ಬಂದ ಮೇಲೆ ಕರೆಯುವವರು ಕಡಿಮೆಯಾದರು. ಯರ್ರಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ಶೇಂಗಾ ಆರಿಸಲು ಹೋದರು, ಅಲ್ಲೇ ಬಾಡಿಗೆ ಕೋಣೆ ಹಿಡಿದರು.

"ಅವ್ಳ ತಪ್ಪೇನೈತೆ? ಗೋಡೆ ಕೆಲ್ಸ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಮಿಲ್ಲಲ್ಲಿ ದಿನಾ ಐತೆ," ಎನ್ನುತ್ತಾರೆ ಜುಂಜಮ್ಮ.

ಕಾಂಚನಾ ಅವರ ಹಳೆಯ ಮಗ್ಗದ ಕೋಣೆ ಸಿಮೆಂಟಿನದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ರೇಷ್ಮೆ ಎಳೆ ಒಣಗಿ ಪಟಪಟನೆ ಹರಿಯುತ್ತಿತ್ತು. ಹೊಸ ಕೋಣೆಗೂ ಬ್ಲಾಕೇ ಇರಲಿ, ಮಣ್ಣಿಂದು ಅಂದರೆ ಜನ ನಗುತ್ತಾರೆ ಎಂದು ಗಂಡ ಮಾರುತಿ ಹಟ ಹಿಡಿದರು. ಕಾಂಚನಾ ವಾದ ಮಾಡಲಿಲ್ಲ. ಒಂದು ಉರಿಬಿಸಿಲಿನ ದಿನ ಅವರನ್ನು ತವರಿಗೆ ಕರೆದೊಯ್ದು, ಮಣ್ಣಿನ ಗೋಡೆಯ ಕೋಣೆಯಲ್ಲಿದ್ದ ಮಗ್ಗಕ್ಕೆ ಕೂರಿಸಿದರು. ಎಳೆ ಹರಿಯಲಿಲ್ಲ. ಮಾರುತಿ ಸಂಜೆಯವರೆಗೆ ಮೇಲೇಳಲಿಲ್ಲ.

ಕೆಲಸ ಸಿಕ್ಕ ಕೂಡಲೇ ಜುಂಜಮ್ಮ ಅಕ್ಕನಿಗೆ ಫೋನ್ ಮಾಡಿದರು. "ರಜ ಕೊಡಲ್ಲ ಕಣೇ. ನೀನೇ ಕಟ್ಟು," ಎಂದರು ಯರ್ರಮ್ಮ.

ದಿನಕ್ಕೆ ಒಂದು ಮೊಳವಷ್ಟೇ ಏರಿಸಬೇಕು, ಅದು ಬಿಗಿಯಾದ ಮೇಲೆ ಮುಂದಿನದು. ಆದರೆ ಒಂದು ದಿನ ಮೋಡ ಕವಿಯಿತು, ಮಳೆಗೆ ಮುಂಚೆ ಮುಗಿಸಬೇಕೆಂದು ಜುಂಜಮ್ಮನವರಿಗೆ ಗಾಬರಿ. ಹಸಿ ಗೋಡೆಯ ಮೇಲೆಯೇ ಮತ್ತೆ ಮಣ್ಣು ಏರಿಸಿದರು. ಮೂಲೆ ಜಗ್ಗಿ ಕುಸಿದು ಬಿತ್ತು.

"ಜುಂಜಮ್ಮಕ್ಕ, ಬ್ಲಾಕ್ ತರಿಸ್ಲಾ?" ಎಂದು ಮಾರುತಿ ಮೆಲ್ಲಗೆ ಕೇಳಿದರು.

ಬಿದ್ದ ಮಣ್ಣನ್ನೆಲ್ಲ ಜುಂಜಮ್ಮ ಬಾಚಿ ಗುಂಡಿಗೆ ಹಾಕಿ ನೀರು ಹೊಯ್ದರು. ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮೂಲೆ ಬಿತ್ತು."

ಭಾನುವಾರ ಮೊದಲ ಬಸ್ಸಿಗೆ ಯರ್ರಮ್ಮ ಬಂದಿಳಿದರು. ಗೋಡೆಯ ಮೇಲೆ ಅಂಗೈ ಆಡಿಸಿ, "ಆತುರ ಮಾಡಿದೀಯ," ಎಂದಷ್ಟೇ ಹೇಳಿ ಮೇಲೆ ಹತ್ತಿದರು. ಕೆಳಗಿಂದ ಮುದ್ದೆ ಹಾರಿತು, ಮೇಲೆ ಕೈ ಹಿಡಿಯಿತು. ಕಾಂಚನಾ ರೊಟ್ಟಿ ತಂದರೆ ತಿನ್ನಲೂ ಇಳಿಯದೆ ಅಲ್ಲೇ ಕೂತು ತಿಂದರು ಯರ್ರಮ್ಮ. ಮೂಲೆ ನೆಟ್ಟಗೆ ನಿಂತಿತು. ಹೊತ್ತು ಇಳಿಯುವಾಗ ಅವರು ಕೈಕಾಲು ತೊಳೆದು ಚಳ್ಳಕೆರೆಯ ಬಸ್ಸಿಗೆ ಹೊರಟರು. ಜುಂಜಮ್ಮ ನಿಲ್ದಾಣದವರೆಗೆ ಹೋಗಿ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು.

"ಇನ್ನೊಂದು ದಿನ ಇರು ಅನ್ನಾಕೆ ಬಾಯಿ ಬರ್ಲಿಲ್ಲ ನೋಡ್ರಿ."

ಈಗ ಮೇಲಿನ ಒಂದು ಸುತ್ತು ಮಾತ್ರ ಬಾಕಿ. ಮುಂದೇನು ಆಸೆ ಎಂದು ಕೇಳಿದರೆ, ಜುಂಜಮ್ಮ ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಚಳ್ಳಕೆರೇಲಿ ಯಾರಾದ್ರೂ ಮಣ್ಣಿನ ಮನೆ ಕಟ್ಟಿಸ್ತಾರಾ, ಕೇಳಿ ನೋಡ್ರಿ. ಸಂಜೆ ಮಿಲ್ ಬಿಟ್ ಮ್ಯಾಲೆ ಅಕ್ಕ ಒಂದೀಟು ಹೊತ್ತು ಬರ್ತಾಳೆ. ಅಷ್ಟ್ರಾಗೆ ನಾನು ಮಣ್ಣು ಹದ ಮಾಡಿಟ್ಟಿರ್ತೀನಿ."