ಸೋಪಕ್ಕನ ಹೊಟ್ಟೆಗೆ ಇಳಿದದ್ದು

ಕೊಳೆ ಕಂಡರೆ ಅವಳಿಗೆ ವಾಕರಿಕೆ ಬರುತ್ತಿತ್ತು. ಆದರೂ ಮದುವೆಯಾಗಿ ಬಂದಾಗಿನಿಂದ ಬೇರೆಯವರ ಕೊಳೆ ತೊಳೆದೇ ಬದುಕಿದಳು. ಬೀದಿಯ ಮೂಲೆಯಲ್ಲಿ ಅವರ ಲಾಂಡ್ರಿ. ಮುಂದುಗಡೆ ಗಂಡನ ಇಸ್ತ್ರಿ ಮೇಜು, ಹಿಂದೆ ಎರಡು ಯಂತ್ರ, ಮೊಂಡು ಕಲೆಗಳಿಗೆಂದು ಒಂದು ಸಿಮೆಂಟಿನ ತೊಟ್ಟಿ. ಬಂದ ಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಕಾಲರಿನ ಜಿಡ್ಡು, ಕಂಕುಳಿನ ಹಳದಿ, ದಿಂಬಿನ ಚೀಲದ ಜೊಲ್ಲಿನ ಗುರುತು ಎಲ್ಲವನ್ನೂ ನೋಡಿ, “ಥೂ, ಮನುಷ್ಯರೋ ಏನೋ” ಎನ್ನುತ್ತಿದ್ದಳು. ಸಂಜೆಗೆ ಅದೇ ಬಟ್ಟೆ ಮಲ್ಲಿಗೆಯಂತೆ ಬೆಳ್ಳಗಾಗಿ ಮನೆ ಸೇರುತ್ತಿತ್ತು. ಬೀದಿಯವರು ಅವಳನ್ನು ಸೋಪಕ್ಕ ಎನ್ನುತ್ತಿದ್ದರು.

ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಎಂದರೆ ಗಂಡನ ತಮ್ಮ. ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ಉಗುರಿನ ಸಂದಿಯ ಗ್ರೀಸು ಹಾಗೆಯೇ ಇರುವಂತೆ ಬ್ರೆಡ್ಡು ಮುರಿದು ತಿನ್ನುವವನು. ತುಂಡು ನೆಲಕ್ಕೆ ಬಿದ್ದರೆ ಉಫ್ ಎಂದು ಊದಿ ಬಾಯಿಗೆ ಹಾಕಿಕೊಳ್ಳುವವನು.

“ಮೈದುನ್ರೇ, ಅದು ನಾಯಿ ಓಡಾಡೋ ನೆಲ!”

“ನಾಯಿಗೇನಾಗಿದೆ ಅತ್ತಿಗೆ? ಗುಂಡುಕಲ್ಲಿನ ಹಾಗಿದೆ. ನಾನೂ ಹಾಗೇ ಇದ್ದೀನಿ.”

ಅದೂ ನಿಜವೇ. ಅವನು ಜ್ವರ ಬಂದು ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಅವನು ಎದ್ದು ಹೋದ ಮೇಲೆ ಅವಳು ಕುರ್ಚಿಯನ್ನು ಬಿಸಿನೀರಲ್ಲಿ ಒರೆಸದೆ ಬಿಡುತ್ತಿರಲಿಲ್ಲ.

ಪಿತ್ತಕೋಶದ ಕಲ್ಲಿಗೆಂದು ಸೋಪಕ್ಕನಿಗೆ ಆಪರೇಷನ್ ಆಯಿತು. ಕಲ್ಲು ಹೋಯಿತು, ಗಾಯದಲ್ಲಿ ಕೀವು ನಿಂತಿತು. ಕೀವಿಗೆಂದು ಒಂದರ ಮೇಲೊಂದು ಜೋರು ಔಷಧಿ ಕೊಟ್ಟರು. ಗಾಯ ಮಾಗಿತು, ಹೊಟ್ಟೆ ಕೈಕೊಟ್ಟಿತು. ಮನೆಗೆ ಬಂದ ವಾರದಲ್ಲೇ ಭೇದಿ ಶುರುವಾಯಿತು. ನೀರಿನಂಥ ಭೇದಿ. ಅದರ ವಾಸನೆ ಎಂಥದೆಂದರೆ, ಜೀವಮಾನವಿಡೀ ಜನರ ವಾಸನೆ ನೋಡಿದವಳೇ ತನ್ನ ಮೂಗನ್ನು ತಾನು ಮುಚ್ಚಿಕೊಂಡಳು. ಎದ್ದು ಕಕ್ಕಸಿಗೆ ಹೋಗುವಷ್ಟು ಹೊತ್ತೂ ಕೆಲವೊಮ್ಮೆ ಸಿಗುತ್ತಿರಲಿಲ್ಲ. ಮಗಳು ಕೈಗವಸು ಹಾಕಿಕೊಂಡು, ಹಾಸಿಗೆ ಬಟ್ಟೆ ಮುದುರಿ ಎತ್ತುವಾಗ ಮುಖ ಸಿಂಡರಿಸಿದಳು. ಅರೆಕ್ಷಣ ಅಷ್ಟೆ. ಆದರೆ ಆ ಮುಖವನ್ನು ಸೋಪಕ್ಕ ನೋಡಿಬಿಟ್ಟಳು. ಅದು ತನ್ನದೇ ಮುಖ.

“ಗಿರಾಕಿಗಳ ಯಂತ್ರಕ್ಕೆ ಹಾಕಬೇಡ ಕಣೇ. ಸುಟ್ಟುಬಿಡು ಅದನ್ನ.”

“ಸುಮ್ನಿರಮ್ಮ. ಬೇರೆ ಬಕೆಟ್ಟಲ್ಲಿ ಬ್ಲೀಚ್ ಹಾಕಿ ನೆನೆಸ್ತೀನಿ” ಎಂದಳು ಮಗಳು.

ಮತ್ತೆ ಆಸ್ಪತ್ರೆ. ಭೇದಿಗೆ ಕೊಟ್ಟ ಔಷಧಿ ನಡೆಯುವಷ್ಟು ದಿನ ಹೊಟ್ಟೆ ನಿಲ್ಲುತ್ತಿತ್ತು, ಔಷಧಿ ಮುಗಿದರೆ ಮತ್ತೆ ಅದೇ ಕಥೆ. ಸೊಂಟದ ಬಟ್ಟೆ ಜಾರುವಷ್ಟು ಇಳಿದುಹೋದಳು. ಕೊನೆಗೆ ಹೊಟ್ಟೆಯ ಡಾಕ್ಟರಮ್ಮ ಮಂಚದ ಪಕ್ಕ ಕುಳಿತು ಬಿಡಿಸಿ ಹೇಳಿದರು.

“ನೋಡಿ ಅಮ್ಮ, ನಮ್ಮ ಕರುಳಲ್ಲಿ ಲೆಕ್ಕವಿಲ್ಲದಷ್ಟು ಒಳ್ಳೇ ಕ್ರಿಮಿಗಳಿರ್ತವೆ. ಕೀವಿಗೆ ಕೊಟ್ಟ ಔಷಧಿ ಅವನ್ನೂ ಕೊಂದುಬಿಟ್ಟಿದೆ. ಖಾಲಿ ಮನೆ ನೋಡಿ ಒಂದು ಪುಂಡ ಕ್ರಿಮಿ ಬಂದು ಕೂತಿದೆ. ಈಚೆಗೆ ಇದರ ಮೇಲೆ ತುಂಬಾ ಸಂಶೋಧನೆ ಆಗಿದೆ. ಆರೋಗ್ಯವಾಗಿರೋ ಇನ್ನೊಬ್ಬರ ಒಳ್ಳೇ ಕ್ರಿಮಿಗಳನ್ನ ನಿಮ್ಮ ಕರುಳಿಗೆ ಸೇರಿಸಿದ್ರೆ ಮುಕ್ಕಾಲುಪಾಲು ಜನಕ್ಕೆ ವಾಸಿಯಾಗ್ತಿದೆ.”

“ಸೇರಿಸಿ. ಎಲ್ಲಿಂದ ತೆಗೀತೀರ? ರಕ್ತದಿಂದಲಾ?”

“ಮಲದಿಂದ.”

ಸೋಪಕ್ಕ ಗಂಡನ ಮುಖ ನೋಡಿದಳು. ಅವನು ಕಿಟಕಿ ನೋಡುತ್ತಿದ್ದ.

“ಇನ್ನೊಬ್ಬರ... ಅದನ್ನ... ನನ್ನೊಳಗೆ?”

“ಶೋಧಿಸಿ, ಉಪ್ಪುನೀರಲ್ಲಿ ಕದಡಿ, ಕೊಳವೆಯಿಂದ ಬಿಡ್ತೀವಿ. ಬಾಯಿಗಲ್ಲ, ಕೆಳಗಿನಿಂದ.”

“ಸಾಯ್ತೀನಿ. ಅದೇ ವಾಸಿ” ಎಂದು ಗೋಡೆಯ ಕಡೆ ಹೊರಳಿದಳು.

ಕೊಡುವವರನ್ನು ಹುಡುಕುವ ಕೆಲಸವಂತೂ ಶುರುವಾಗಿತ್ತು. ಮಗಳು ತಾನು ಕೊಡುತ್ತೇನೆಂದಳು. ಗಂಟಲುನೋವಿಗೆ ಮೊನ್ನೆಯಷ್ಟೇ ಅಂಥದೇ ಕ್ರಿಮಿ ಕೊಲ್ಲುವ ಮಾತ್ರೆ ತಿಂದಿದ್ದರಿಂದ ಆಗದು ಎಂದರು. ಗಂಡನಿಗೆ ಮೊದಲಿನಿಂದ ಕರುಳಿನ ತೊಂದರೆ. ಮೈದುನನ ರಕ್ತ ತೆಗೆದರು, ಮಲ ಪರೀಕ್ಷಿಸಿದರು, ನೂರೆಂಟು ಪ್ರಶ್ನೆ ಕೇಳಿದರು. ಎಲ್ಲದರಲ್ಲೂ ಪಾಸು. ಅವನು ವಾರ್ಡಿಗೆ ಎದೆಯುಬ್ಬಿಸಿಕೊಂಡು ಬಂದ.

“ಅತ್ತಿಗೆ, ನನ್ನ ಹೇಲಿಗೆ ಫಸ್ಟ್ ಕ್ಲಾಸು! ಶಾಲೇಲಿ ಒಂದು ಸಲಾನೂ ಬಂದಿರಲಿಲ್ಲ.”

ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಸೋಪಕ್ಕ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಆ ಗ್ರೀಸಿನ ಬೆರಳು, ನೆಲದ ಬ್ರೆಡ್ಡು, ಅದೆಲ್ಲ ಹೋಗಿ ಸೇರಿದ ಆ ಹೊಟ್ಟೆ. ಅಲ್ಲಿಂದ ತನ್ನ ಹೊಟ್ಟೆಗೆ. ನೆನೆದದ್ದೇ ತಡ, ವಾಂತಿ ಬಂತು.

ಎರಡು ದಿನ ಹಟ ಹಿಡಿದಳು. ಮೂರನೆಯ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಬಿದ್ದ ಜಾಗದಲ್ಲೇ ಎಲ್ಲ ಆಗಿಹೋಯಿತು. ಎಬ್ಬಿಸಲು ಬಂದ ಆಯಾ, ಮಗಳ ವಯಸ್ಸಿನವಳು, ಮುಖ ಸಿಂಡರಿಸದೆ ತೊಳೆದು, ಬಟ್ಟೆ ಬದಲಿಸಿ ಮಲಗಿಸಿದಳು. ಸೋಪಕ್ಕ ಡಾಕ್ಟರಮ್ಮನಿಗೆ ಹೇಳಿಕಳಿಸಿದಳು: “ಮಾಡ್ಲಿ. ಆದ್ರೆ ನನ್ನ ಕಣ್ಣಿಗೆ ತೋರಿಸಬಾರದು.”

ತೋರಿಸಬಾರದು ಎಂದವಳೇ ನೋಡಿದಳು. ಎಡಮಗ್ಗುಲಾಗಿ ಮಲಗಿದ್ದಾಗ, ನರ್ಸಿನ ತಟ್ಟೆಯಲ್ಲಿದ್ದ ದೊಡ್ಡ ಸಿರಿಂಜುಗಳಲ್ಲಿ ಕೆಸರಿನ ಬಣ್ಣದ ನೀರು. ಮಂಪರಿನ ಮದ್ದು ಕೊಟ್ಟಿದ್ದರೂ ಕೊಳವೆ ಒಳಗೆ ಸರಿಯುವುದು, ಏನೋ ತಣ್ಣಗೆ ಹರಿಯುವುದು ತಿಳಿಯುತ್ತಿತ್ತು. ಹಲ್ಲು ಕಚ್ಚಿಕೊಂಡಳು. ಆಮೇಲೆ ಅದು ಒಳಗೆ ನಿಲ್ಲಲೆಂದು ಅಲುಗಾಡದೆ ಮಲಗಬೇಕೆಂದರು. ಮಲಗಿದಷ್ಟು ಹೊತ್ತೂ ತನ್ನ ಮೈಯನ್ನೇ ಕಳಚಿ ತೊಟ್ಟಿಯಲ್ಲಿ ನೆನೆಹಾಕಬೇಕು ಅನ್ನಿಸುತ್ತಿತ್ತು.

ವಾರ ತುಂಬುವುದರೊಳಗೆ ಭೇದಿ ನಿಂತಿತು. ಎಲ್ಲರಂತೆ ಬೆಳಗ್ಗೆ ಹೋಗಿ ಬಂದ ದಿನ, ಕಕ್ಕಸಿನ ಬಾಗಿಲು ಹಾಕಿಕೊಂಡು ಅತ್ತಳು. ಇಂಥದ್ದಕ್ಕೆಲ್ಲ ಅಳುವ ಹಾಗಾಯಿತಲ್ಲ ಎಂದು ಅದಕ್ಕೂ ಅಸಹ್ಯಪಟ್ಟುಕೊಂಡಳು.

ಮನೆಗೆ ಬಂದು, ಮೈಗೆ ಬಲ ಬಂದು, ಲಾಂಡ್ರಿಯಲ್ಲಿ ನಿಂತರೆ ಗಿರಾಕಿಗಳೇ ಇಲ್ಲ. ಮೈದುನ ಗ್ಯಾರೇಜಿನಲ್ಲಿ ಜಂಬ ಕೊಚ್ಚಿಕೊಂಡಿದ್ದ. ಗ್ಯಾರೇಜಿನಿಂದ ಟೀ ಅಂಗಡಿಗೆ, ಅಲ್ಲಿಂದ ಮನೆಮನೆಗೆ ಸುದ್ದಿ ಹರಡಿತ್ತು. ಊರ ಬಾಯಿಗೆ ಮುಚ್ಚಳ ಹಾಕುವವರಾರು? ಎದುರುಮನೆಯ ಟೀಚರಮ್ಮ ತೊಳೆಯಲು ಕೊಟ್ಟಿದ್ದ ಗಂಟನ್ನು ಹಾಗೆಯೇ ವಾಪಸು ಕೇಳಲು ಬಂದರು.

“ತಪ್ಪು ತಿಳೀಬೇಡಿ ಸೋಪಕ್ಕ. ಮನೇಲಿ ಚಿಕ್ಕ ಮಕ್ಕಳಿದ್ದಾರೆ. ನಿಮಗೆ ಅದೇನೋ... ಛೀ, ಹೇಳೋಕೂ ಆಗಲ್ಲ.”

“ನಾನು ಹೇಳ್ತೀನಿ ಬಿಡಿ. ಹೇಲು. ನನ್ನ ಮೈದುನಂದು. ಈಗ ನಿಮ್ಮದೂ ಹೇಳ್ಲಾ? ನಿಮ್ಮ ಮಾವನವರು ಹಾಸಿಗೆ ಹಿಡಿದಿದ್ದಾಗ ಆ ಬಟ್ಟೆ ತೊಳೆದದ್ದು ಯಾರು? ನಿಮ್ಮ ಯಜಮಾನರು ಕುಡಿದು ದಿಂಬಿನ ಮೇಲೆ ಕಕ್ಕಿದ್ದನ್ನ ಸುತ್ತಿ ತಂದು ಸಾಂಬಾರು ಚೆಲ್ತು ಅಂದ್ರಲ್ಲ, ನನಗೇನು ಮೂಗಿಲ್ವಾ? ನಿಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದೆ, ನನ್ನ ತಟ್ಟೆಯ ನೊಣ ನೋಡೋಕೆ ಬಂದಿದ್ದೀರಿ.”

ಟೀಚರಮ್ಮ ಗಂಟು ಎತ್ತಿಕೊಂಡು ಕೆಂಪಗಾಗಿ ಹೋದರು. ಸೋಪಕ್ಕ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಯಾರ ಬಟ್ಟೆಯ ಗುಟ್ಟನ್ನೂ ಇದುವರೆಗೆ ಬಾಯಿಬಿಟ್ಟು ಆಡಿದವಳಲ್ಲ. ಈಗ ಆಡಿದ್ದಳು. ಬಾಯಿ ಕಹಿ ಕಹಿ ಅನ್ನಿಸಿತು. ಇಸ್ತ್ರಿ ಮಾಡುತ್ತಿದ್ದ ಗಂಡ ತಲೆಯೆತ್ತದೆ ಹೇಳಿದ: “ಸರಿಯಾಗೇ ಹೇಳಿದೆ.”

“ಏನು ಸರಿ? ಬಾಯಿ ಹೊಲಸು ಮಾಡ್ಕೊಂಡೆ” ಎಂದು ಎದ್ದು ಹಿಂದಕ್ಕೆ ಹೋದಳು.

ಮೈದುನನಿಗೂ ಆ ದಿನ ಮಂಗಳಾರತಿ ಆಯಿತು. ಅವನು ತಲೆ ಕೆರೆದುಕೊಂಡು, “ಯಾರಿಗೂ ಏನೂ ಕೊಟ್ಟವನಲ್ಲ ಅತ್ತಿಗೆ ನಾನು. ಮೊದಲನೇ ಸಲ ಕೊಟ್ಟೆ. ಖುಷಿಗೆ ಹೇಳಿಬಿಟ್ಟೆ” ಎಂದ. ಅವಳಿಗೆ ಬೈಗುಳ ಮುಂದುವರಿಸಲಾಗಲಿಲ್ಲ. ಕರುಣೆಯೂ ಬರಲಿಲ್ಲ. “ಕೈ ತೊಳ್ಕೊಂಡು ಬನ್ನಿ, ಊಟ ಮಾಡಿ” ಎಂದಳು.

ಅರ್ಧದಷ್ಟು ಗಿರಾಕಿಗಳು ನಿಧಾನವಾಗಿ ಮರಳಿದರು, ಅಷ್ಟು ಬೆಳ್ಳಗೆ ಒಗೆಯುವವರು ಬೇರೆಲ್ಲಿಯೂ ಸಿಗದೆ. ಟೀಚರಮ್ಮ ಮರಳಲಿಲ್ಲ.

ಕೆಲವು ತಿಂಗಳ ನಂತರ ಡಾಕ್ಟರಮ್ಮ ಫೋನು ಮಾಡಿದರು. ಇದೇ ಕಾಯಿಲೆಯ ಮುದುಕರೊಬ್ಬರು ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ, ಒಮ್ಮೆ ಬಂದು ಮಾತಾಡುತ್ತೀರಾ ಎಂದರು. ಸೋಪಕ್ಕ ಹೋದಳು. ಮುದುಕರು ನಿವೃತ್ತ ಪೋಸ್ಟ್‌ಮಾಸ್ತರರು, ಎಲುಬಿನ ಗೂಡಾಗಿದ್ದರು.

“ಅಸಹ್ಯ ಆಗಲ್ವೇನಮ್ಮ?” ಎಂದರು.

“ಆಗತ್ತೆ.”

“ಆಮೇಲೆ ಹೋಗತ್ತಾ?”

“ಇಲ್ಲ ಯಜಮಾನ್ರೇ. ನನಗೆ ಇನ್ನೂ ಹೋಗಿಲ್ಲ. ಊಟದ ಮಧ್ಯೆ ನೆನಪಾದ್ರೆ ತಟ್ಟೆ ದೂಡ್ತೀನಿ. ಆದ್ರೆ ದೂಡೋಕೆ ಮುಂದೆ ಒಂದು ತಟ್ಟೆ ಇದೆ. ಮಾಡಿಸ್ಕೊಳ್ಳಿ.”

ಮುದುಕರು ಮಗನನ್ನು ಕರೆದು, ಕಾಗದಕ್ಕೆ ಎಲ್ಲಿ ಸಹಿ ಹಾಕಬೇಕೋ ಕೇಳು ಎಂದರು.