ನಾನು ದಾಟಿಸದ ಮಾತು

ಸಣ್ಣಮ್ಮ ಹೇಳಿದ್ದನ್ನು ನಾನು ಹೇಳಲಿಲ್ಲ. ಅವಳು ಹೇಳದೇ ಇದ್ದುದನ್ನು ಹೇಳಿದೆ. ಮರೆವಿನಿಂದಲ್ಲ, ಭಾಷೆ ಬಾರದೆ ಅಲ್ಲ — ತಿಳಿದೇ ಹೇಳಿದೆ.

ಆಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು; ಈಗ ಕಾಲೇಜು ಓದುತ್ತಿದ್ದಾಳೆ. ಅಷ್ಟು ಕಾಲ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ನಾನು ಚುಂಚನಕಟ್ಟೆ ಕಡೆಯವಳು. ಮದುವೆಯಾಗಿ ಹುಣಸೂರಿನ ಪಕ್ಕದ ಈ ಊರಿಗೆ ಬಂದೆ. ಗಂಡನ ಮನೆಯವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಎಷ್ಟು ಸೌದೆ ಇದ್ದರೂ ಸಾಲದು. ಕಾಡಿನ ಮರ ಕದ್ದು ಬರುತ್ತಿತ್ತು — ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆ ದಿನಗಳಲ್ಲಿ ಇಡೀ ದೇಶಕ್ಕೆ ಅರಣ್ಯ ಯೋಜನೆ ಮಾಡುತ್ತಿದ್ದವರ ತಂಡವೊಂದು ದೆಹಲಿಯಿಂದ ನಮ್ಮೂರಿಗೂ ಬಂತು. ಗೋಮಾಳದಲ್ಲಿ ಬೇಗ ಬೆಳೆಯುವ ಮರ ಹಾಕಿ ಸೌದೆಯ ತೋಪು ಮಾಡಿದರೆ ಕಾಡು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಗೋಮಾಳವನ್ನೇ ನಂಬಿದವರ ಬದುಕು ಏನಾಗುತ್ತದೆ? ಅದನ್ನು ಕೇಳಲೆಂದೇ ಅವರು ಬಂದಿದ್ದು. ಅವರಿಗೆ ಕನ್ನಡ ಬಾರದು. ಹುಣಸೂರಿನ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದ ನನ್ನನ್ನು ಅವರ ಪಕ್ಕದಲ್ಲಿ ಕೂರಿಸಿದರು.

ಜಮೀನಿದ್ದವರೆಲ್ಲ ಮಾತಾಡಿದರು. ತೋಪು ಬೇಕು ಅಂದರು. ನಾನು ಚಾಚೂ ತಪ್ಪದೆ ಹಿಂದಿಯಲ್ಲಿ ಹೇಳಿದೆ. ಕೊನೆಗೆ ಹಿಂದಿನಿಂದ ಸಣ್ಣಮ್ಮ ಎದ್ದು ನಿಂತಳು. ಆಡು ಮೇಯಿಸಿಕೊಂಡು, ಸತ್ತ ಮಗನ ಹೆಂಡತಿಯನ್ನೂ ಮೊಮ್ಮಗಳನ್ನೂ ಸಾಕುತ್ತಿದ್ದವಳು.

"ಮರ ಬ್ಯಾಡ ಅನ್ನಲ್ಲ ಕಣವ್ವ. ಕೆರೆ ಕಡೆ ಅರ್ಧ ಜಾಗ ಬುಡಿ ಅಂತ ಏಳು. ಪೂರಾ ಬೇಲಿ ಆಕುಬುಟ್ರೆ ನಮ್ ಆಡು ಎಲ್ಲೋಯ್ತವೆ? ನಿಂಗೆ ಅವ್ರ ಮಾತು ಬತ್ತದೆ, ಸರ್ಯಾಗ್ ಏಳವ್ವ."

ಮಾವ ನನ್ನನ್ನೇ ನೋಡುತ್ತಿದ್ದರು. ಕೆರೆಯ ಕಡೆಯ ಆ ಅರ್ಧ ನಮ್ಮ ಬ್ಯಾರನ್ನಿಗೆ ಅಂಟಿಕೊಂಡ ಜಾಗ; ಅಲ್ಲಿ ಮರ ಬೆಳೆದರೆ ಸೌದೆ ನಮ್ಮ ಬಾಗಿಲಿಗೇ ಬರುತ್ತಿತ್ತು. ತಂಡದ ಹಿರಿಯರು ಪೆನ್ನು ಹಿಡಿದು ನನ್ನತ್ತ ತಿರುಗಿದರು.

"ಇವರದೂ ಒಪ್ಪಿಗೆ ಇದೆ. ಬೇಗ ಮಾಡಿಕೊಡಿ ಅಂತಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ.

ಹಿರಿಯರು ನಕ್ಕು ಅವಳಿಗೆ ಕೈ ಮುಗಿದರು. ತನ್ನ ಮಾತು ಮುಟ್ಟಿತು ಎಂದುಕೊಂಡ ಸಣ್ಣಮ್ಮ ತಾನೂ ಕೈ ಮುಗಿದಳು. ನನ್ನ ಗಂಡನಿಗೆ ಹಿಂದಿ ಅರ್ಥವಾಗುತ್ತಿತ್ತು. ಅವರು ತಲೆ ತಗ್ಗಿಸಿ ಕೂತಿದ್ದರು. ಆ ದಿನ ಮನೆಯಲ್ಲಿ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ — ಆಮೇಲೂ ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ಬೇಲಿ ಬಂತು, ಪೂರಾ ಗೋಮಾಳಕ್ಕೆ. ಸಣ್ಣಮ್ಮ ನನ್ನನ್ನು ಹುಡುಕಿಕೊಂಡು ಬಂದಳು.

"ನೀ ಏಳ್ದೆ ಕಣವ್ವ, ಅವ್ರೇ ಮರ್ತವ್ರೆ. ಇನ್ನೊಂದ್ ಕಿತ ಏಳ್ತೀಯಾ?"

ನನ್ನ ಮೇಲೆ ಅನುಮಾನಪಟ್ಟವರ ಜೊತೆ ಅವಳು ಜಗಳವಾಡಿದ್ದಳಂತೆ. 'ಹೇಳ್ತೀನಿ' ಅಂದೆ. ಹೇಳಲಿಲ್ಲ. ಅವಳು ಒಂದೊಂದಾಗಿ ಆಡು ಮಾರಿದಳು. ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಕೊಡಗಿಗೆ ಕಾಫಿ ತೋಟದ ಕೂಲಿಗೆ ಹೋದಳು. ತೋಪು ಬೆಳೆಯಿತು. ಕಾಡಿನ ಕಳ್ಳಮರ ಬರುವುದು ನಿಜಕ್ಕೂ ಕಡಿಮೆಯಾಯಿತು — ಎಷ್ಟೋ ಸಲ ಇದನ್ನೇ ಹೇಳಿಕೊಂಡು ಸಮಾಧಾನಪಡಲು ನೋಡಿದ್ದೇನೆ. ಆದರೆ ಅರ್ಧ ಜಾಗದಲ್ಲಿ ಬೆಳೆದಿದ್ದರೂ ಅಷ್ಟು ಆಗುತ್ತಿತ್ತೋ ಏನೋ. ಅದನ್ನು ಯೋಚಿಸುವ ಅವಕಾಶವನ್ನೇ ದೆಹಲಿಯವರಿಗೆ ನಾನು ಕೊಡಲಿಲ್ಲ.

ಈ ವರ್ಷ ಮೊಮ್ಮಗಳ ಮದುವೆಗೆ ಸಣ್ಣಮ್ಮ ಊರಿಗೆ ಬಂದಿದ್ದಳು. ಮದುವೆ ಮುಗಿದ ಮೇಲೆ ಹೋಗಿ ಅವಳೆದುರು ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ನಾ ಕೈ ಬ್ಯಾರೆ ಮುಗ್ದೆ," ಅಂದಳು. ಆಮೇಲೆ, "ನಂಗೇಳಿ ಏನ್ ಬಂತು? ಊರ್ಗೇಳು, ಓಗು."

ಹೇಳಿದೆ. ತೋಪು ಕಡಿದು ಮತ್ತೆ ಸಸಿ ಹಾಕುವ ಬಗ್ಗೆ ಅದೇ ವಾರ ಗ್ರಾಮಸಭೆ ಇತ್ತು. ಮಾವನೂ ಗಂಡನೂ ಎದುರಿಗೇ ಇದ್ದರು. ಅಂದು ಅವಳು ಆಡಿದ ಮಾತನ್ನು ಅವಳಾಡಿದಂತೆಯೇ ಹೇಳಿದೆ, ನಾನು ಆಡಿದ್ದನ್ನೂ ಹೇಳಿದೆ. ಮಾವ ಎದ್ದು ಹೊರಗೆ ಹೋದರು. ಇಂದಿಗೂ ನನ್ನೊಡನೆ ಮಾತಿಲ್ಲ. ಬಹಳ ವಾದವಾಗಿ, ಕೆರೆಯ ಕಡೆ ಮರ ಹಾಕುವುದು ಬೇಡ ಎಂದು ಸಭೆ ತೀರ್ಮಾನಿಸಿತು. ಈಗ ಅಲ್ಲಿ ಬೇರೆಯವರ ಆಡುಗಳು ಮೇಯುತ್ತವೆ.

ಸಭೆ ಮುಗಿದ ಕೂಡಲೇ ಈ ತೀರ್ಮಾನವನ್ನು ಹೇಳಲು ಹುಣಸೂರಿನ ಬಸ್ ಸ್ಟ್ಯಾಂಡಿಗೆ ಓಡಿದೆ. ಸಣ್ಣಮ್ಮ ಆ ದಿನವೇ ಕೊಡಗಿಗೆ ವಾಪಸು ಹೊರಟು ಮಡಿಕೇರಿ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಹೇಳಿದ್ದನ್ನು ಪೂರ್ತಿ ಕೇಳಿದಳು. 'ಆಯ್ತು' ಎನ್ನುವಂತೆ ತಲೆಯಾಡಿಸಿದಳು — ಕ್ಷಮಿಸಿದೆ ಎಂದೇನಲ್ಲ, ಕೇಳಿಸಿತು ಎಂದಷ್ಟೇ. ನಾನು ಕ್ಷಮೆ ಕೇಳಲೂ ಇಲ್ಲ. ಬಸ್ಸು ಹೊರಟಿತು.